ಅಣ್ಣನ ಹುಸಿ

ಕಿವಿಯಕ್ಕನ ಕಿವಿಯ ಬಗ್ಗೆ ಜನ ಹೇಳುವುದರಲ್ಲಿ ಅರ್ಧ ಸುಳ್ಳು. ಉಳಿದರ್ಧವನ್ನು ಇಲ್ಲಿ ಸ್ವಲ್ಪ ಹಿಗ್ಗಿಸಿ ಹೇಳಲಾಗುವುದು, ಅದಕ್ಕೆ ಅವಳ ಅಪ್ಪಣೆಯೇನೂ ಕೇಳಿಲ್ಲ. ಇರುವೆ ಸೀನಿದರೆ ಅದು ನೆಗಡಿಯ ಸೀನೋ ಧೂಳಿನ ಸೀನೋ ಎಂದು ಬಿಡಿಸಿ ಹೇಳಬಲ್ಲ ಹೆಂಗಸು ಅವಳು. ಪಕ್ಕದ ಬೀದಿಯಲ್ಲಿ ಯಾರಾದರೂ ಮನಸ್ಸಿನಲ್ಲೇ ಬೈದುಕೊಂಡರೆ ಇಲ್ಲಿ ಇವಳ ಹುಬ್ಬು ಮೇಲೇಳುತ್ತಿತ್ತು. ಇಂಥ ಕಿವಿಯನ್ನು ಅವಳು ಬಾಡಿಗೆಗೆ ಕೊಟ್ಟಿದ್ದು ಒಂದು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ.

ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. ಆ ದಿನ ತಂಡಗಳೆಲ್ಲ ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದಕ್ಕೂ ಮೊದಲು ಹುಡುಗರನ್ನು ತಮ್ಮ ಅಂಗಳಕ್ಕೆ ಕರೆಸಿ ಆಡಿಸಿ ನೋಡುತ್ತವೆ. ಪಾಯಿಂಟ್ ಗಾರ್ಡ್‌ಗಳನ್ನು ತೂಗುವ ಕೆಲಸ ಕಿವಿಯಕ್ಕನದು. ಪಾಯಿಂಟ್ ಗಾರ್ಡ್ ಎಂದರೆ ತಂಡದ ಸಾರಥಿ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಆ ತುದಿಯಿಂದ ಈ ತುದಿಗೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವನು. ಬೇರೆ ತಂಡದವರು ಅವನನ್ನು ನಾಲ್ಕು ಮೂಲೆಗೂ ಕ್ಯಾಮೆರಾ ಇಟ್ಟು ನೋಡುತ್ತಿದ್ದರು. ಕಿವಿಯಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಂಗಳಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು.

"ಕಣ್ಣು ದೊಡ್ಡ ಹೊಗಳುಭಟ್ಟ" ಎನ್ನುತ್ತಿದ್ದಳು. "ಎತ್ತರ ಕಂಡ್ರೆ ಬಾಯಿ ಬಿಡುತ್ತೆ, ಜಿಗಿತ ಕಂಡ್ರೆ ಚಪ್ಪಾಳೆ ಹೊಡೆಯುತ್ತೆ. ಕಿವಿಗೆ ಆ ನಾಚಿಕೆಗೇಡಿತನ ಇಲ್ಲ."

ಈ ವಿದ್ಯೆ ಅವಳಿಗೆ ಬಂದಿದ್ದು ಅಣ್ಣನಿಂದ. ಅಣ್ಣನೂ ಪಾಯಿಂಟ್ ಗಾರ್ಡೇ. ಮನೆಯ ಉದ್ದನೆಯ ಓಣಿಯಂಥ ಹಾದಿಯಲ್ಲಿ ಸಂಜೆಯೆಲ್ಲ ಚೆಂಡು ಬಡಿಯುತ್ತಿದ್ದ. ಇವಳು ಬಾಗಿಲ ಹಿಂದೆ ಕೂತು ಪಾಠ ಓದುವಂತೆ ನಟಿಸುತ್ತಾ ಕೇಳುತ್ತಿದ್ದಳು. ಢಬ್, ಢಬ್, ಆಮೇಲೊಂದು ಸಣ್ಣ ನಿಲುಗಡೆ, ಮತ್ತೆ ಢಬ್. ಆ ನಿಲುಗಡೆಗೆ ಆಟಗಾರರ ಬಾಯಲ್ಲಿ ಹುಸಿ ಎಂದು ಹೆಸರು. ಓಡುತ್ತಾ ಬಂದವನು ನಿಂತೇಬಿಟ್ಟ ಎಂದು ಎದುರಾಳಿ ನಂಬಬೇಕು. ನಂಬಿದ ಗಳಿಗೆಯಲ್ಲೇ ಇವನು ಅವನನ್ನು ದಾಟಿರಬೇಕು. ಅಣ್ಣನ ಹುಸಿಗೆ ಎದುರಾಳಿಗಳಷ್ಟೇ ಅಲ್ಲ, ಗೋಡೆಯ ಮೇಲಿನ ಗಡಿಯಾರವೂ ಒಮ್ಮೆ ಏಮಾರಿ ನಿಂತುಹೋಗಿತ್ತು ಎನ್ನುತ್ತಾರೆ. ಅಂಥವನು ಒಂದು ಪಂದ್ಯದ ನಡುವೆ ಓಡುತ್ತಲೇ ಬಿದ್ದ. ಎದೆಬಡಿತ ನಿಂತುಹೋಗಿತ್ತು. ಮುಂಚೆ ಒಂದು ಸುಳಿವೂ ಇರಲಿಲ್ಲವಲ್ಲ ಎಂದರು ಎಲ್ಲರೂ.

ಅವತ್ತಿನಿಂದ ಹೊತ್ತು ಮುಳುಗುವಾಗ ಆ ಮನೆಯ ಹಾದಿಯಲ್ಲಿ ಸದ್ದು. ಢಬ್, ಢಬ್, ಮೌನ, ಢಬ್.

"ಪಕ್ಕದ ಮನೆ ಪಂಪು ಕಣೇ" ಎಂದಳು ಅಮ್ಮ, ಮೊದಲ ಸಂಜೆ.

ಪಕ್ಕದ ಮನೆಯಲ್ಲಿ ಪಂಪೇ ಇರಲಿಲ್ಲ. ಅದು ಮಗಳಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಪಂಪಿನ ವಿಷಯ ಇಬ್ಬರೂ ಮುಂದೆಂದೂ ಎತ್ತಲಿಲ್ಲ. ಉಪ್ಪುಖಾರ ಧಾರಾಳವಾಗಿ ಹಚ್ಚಿದ ಈ ಕಥೆಯಲ್ಲಿ ಈ ಸದ್ದಿಗೆ ಮಾತ್ರ ಏನೂ ಹಚ್ಚಿಲ್ಲ.

ಆ ವರ್ಷದ ಡ್ರಾಫ್ಟಿನಲ್ಲಿ ತಂಡಕ್ಕೆ ಬೇಕಿದ್ದುದು ಒಬ್ಬನೇ ಪಾಯಿಂಟ್ ಗಾರ್ಡ್, ಕೊನೆಗೆ ಉಳಿದವರು ಇಬ್ಬರು. ಮೊದಲು ಬಂದವನಿಗೆ ಬುಗುರಿ ಎಂದು ಅಡ್ಡಹೆಸರು. ಅವನು ಚೆಂಡು ಬಡಿದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಅದಕ್ಕಿಂತ ಜೋರಾಗಿ ಬಾಯಿ ಓಡುತ್ತಿತ್ತು.

"ಹೇಗಕ್ಕಾ?" ಎಂದ ಮ್ಯಾನೇಜರ್. ವಯಸ್ಸಿನಲ್ಲಿ ಅವಳಿಗಿಂತ ಹಿರಿಯ, ಆದರೂ ಅವಳನ್ನು ಅಕ್ಕ ಎನ್ನದಿದ್ದರೆ ಅವನಿಗೆ ಸಮಾಧಾನವಿಲ್ಲ.

"ಒಳ್ಳೆ ಕೈ, ಸಾರ್. ಎಡಗೈ ಸ್ವಲ್ಪ ಸೋಮಾರಿ."

"ಬಾಯಿ?"

"ಅದು ಮಲಗಿದ್ದಾಗಲೂ ದುಡಿಯುತ್ತೆ."

ಬುಗುರಿ ಅತ್ತ ಹೋದ, ಎರಡನೆಯವನು ಇಳಿದ. ಪಾರಿವಾಳ ಅನ್ನುತ್ತಾರೆ ಇವನನ್ನು. ಮಾತಿಲ್ಲ ಕತೆಯಿಲ್ಲ, ಕತ್ತು ಮಾತ್ರ ಅತ್ತಿತ್ತ ಆಡಿಸುತ್ತಾನೆ. ಕಿವಿಯಕ್ಕ ಕಾಫಿ ಲೋಟ ಬಾಯಿಗೆ ಇಟ್ಟಿದ್ದಳು.

ಢಬ್, ಢಬ್. ಮೌನ. ಢಬ್.

ಲೋಟ ಕೆಳಗೆ ಬಿತ್ತು. ಕಾಫಿ ಅವಳ ಚಪ್ಪಲಿಯ ಕೆಳಗೆ ಹರಿಯಿತು. ಸಾವಿರ ಹುಡುಗರ ಕೈ ಕೇಳಿದವಳು ಅವಳು, ಬೇಕಾದರೆ ಲಕ್ಷ ಎನ್ನಿ. ಬೆರಳಚ್ಚಿನ ಹಾಗೆ ಒಂದರಂತೆ ಇನ್ನೊಂದಿಲ್ಲ. ಇದು ಮಾತ್ರ ಅದೇ. ಅದೇ ತೂಕ, ಮೌನಕ್ಕೆ ಅದೇ ಉದ್ದ.

"ಹುಸಿ ಕೇಳಿದ್ರಾ ಅಕ್ಕಾ!" ಮ್ಯಾನೇಜರ್ ಕೈ ಉಜ್ಜಿಕೊಂಡ. "ನೋಡ್ತಿದ್ರೆ ನನಗೇ ಮಂಡಿ ತಡವರಿಸುತ್ತೆ. ಇವನೇ ಅಂತ ಹೇಳಿಬಿಡ್ಲಾ ಮೇಲಿನವರಿಗೆ?"

ಹೂಂ ಎನ್ನುವ ಒಂದಕ್ಷರ ಅವಳ ನಾಲಗೆಯ ತುದಿಗೆ ಬಂದು ಕೂತಿತ್ತು. ಹೂಂ ಎಂದರೆ ಆ ಸದ್ದು ಇನ್ನು ಹತ್ತು ವರ್ಷ ಇಲ್ಲೇ ಇರುತ್ತದೆ. ಹಗಲು ಹೊತ್ತಿನಲ್ಲಿ, ದೀಪದ ಕೆಳಗೆ, ಎಲ್ಲರ ಎದುರಿಗೆ. ಪಂಪು ಎಂದು ಯಾರೂ ಹೆಸರಿಡಬೇಕಾಗಿಲ್ಲ.

ಅವಳು ಹೂಂ ಎನ್ನಲಿಲ್ಲ, ಅಮ್ಮನಿಗೆ ಫೋನ್ ಮಾಡಿದಳು. ಏನೂ ಹೇಳದೆ ಫೋನನ್ನು ಅಂಗಳದ ಕಡೆ ಹಿಡಿದಳು.

ಅತ್ತ ಒಲೆ ಆರಿಸಿದ ಸದ್ದಾಯಿತು. ಆಮೇಲೆ ಅಮ್ಮ ಕೇಳಿದಳು: "ಅಲ್ಲಿಗೂ ಬಂದ್ನಾ?"

"ಇದು ಬೇರೆ ಹುಡುಗ ಅಮ್ಮ."

"ಗೋಡೆ ಹತ್ರ ಇದಾನಾ?"

"ಯಾಕೆ?"

"ಗೋಡೆ ಇಲ್ಲದಿದ್ರೆ ಬೀಳ್ತಾನಲ್ಲೇ. ನಿಂತಾಗೆಲ್ಲ ಗೋಡೆಗೆ ಕೈ ಊರ್ತಿದ್ದ, ಮರೆತ್ಯಾ? ಸುಣ್ಣದ ಗೋಡೆ ಮಸಿ ಮಾಡ್ತೀಯಲ್ಲೋ ಅಂತ ಎಷ್ಟು ಬೈದಿದ್ದೆ."

ಹಾದಿಯ ಗೋಡೆಯ ಮೇಲೆ ಇವತ್ತಿಗೂ ಒಂದು ಅಂಗೈ ಗುರುತಿದೆ. ಎಷ್ಟು ಸಲ ಬಣ್ಣ ಹೊಡೆಸಿದರೂ ಆ ಗುರುತನ್ನು ಬಿಟ್ಟೇ ಹೊಡೆಸಿದ್ದಾರೆ. ಕಿವಿಯಕ್ಕ ಅದನ್ನು ದಿನಾ ನೋಡಿದ್ದಳು, ಒಮ್ಮೆಯೂ ಕೇಳಿರಲಿಲ್ಲ.

ಫೋನ್ ಇಟ್ಟಳು. "ಸಾರ್, ಹುಡುಗನ ಎದುರಿಗೆ ಯಾರಿದಾರೆ?"

"ಯಾರೂ ಇಲ್ಲ. ಒಬ್ಬನೇ ಬಡೀತಿದಾನೆ."

"ಮತ್ತೆ ಯಾರನ್ನ ಏಮಾರಿಸ್ತಿದಾನೆ?"

"ಅಭ್ಯಾಸಬಲ ಕಣಕ್ಕಾ" ಎಂದ ಮ್ಯಾನೇಜರ್, ಆದರೆ ಉಜ್ಜುತ್ತಿದ್ದ ಕೈ ನಿಂತಿತ್ತು.

ಮನೆಯ ಹಾದಿಯಲ್ಲೂ ಅಣ್ಣನ ಎದುರಿಗೆ ಯಾರೂ ಇರುತ್ತಿರಲಿಲ್ಲ. ಬರೀ ಗೋಡೆ.

ಆಗ ಕಿವಿಯಕ್ಕ ಕುರ್ಚಿ ತಿರುಗಿಸಿದಳು. ಅವಳು ಈ ಕೆಲಸಕ್ಕೆ ಸೇರಿದ ಮೇಲೆ ಹಾಗೆ ತಿರುಗಿದ್ದು ಅದೇ ಮೊದಲು. ನೆಲ ಒರೆಸುವವನು ಕೋಲು ಊರಿಕೊಂಡು ನಿಂತ, ಬುಗುರಿಯ ಬಾಯಿ ಕೂಡ ಮುಚ್ಚಿತು. ಪಾರಿವಾಳ ಬಡಿಯುತ್ತಾ ಬಂದ. ಢಬ್, ಢಬ್. ನಿಂತ. ಚೆಂಡು ಅಂಗೈಗೆ ಅಂಟಿಕೊಂಡಿತ್ತು. ಕಣ್ಣುಗಳು ತೆರೆದೇ ಇದ್ದವು, ಆದರೆ ಒಳಗೆ ಯಾರೂ ಇರಲಿಲ್ಲ. ಇನ್ನೊಂದು ಕೈ ಬುಟ್ಟಿಯ ಕಂಬವನ್ನು ತಡಕಿ ಹಿಡಿಯಿತು. ಆಮೇಲೆ ಅವನು ತನ್ನೊಳಕ್ಕೆ ವಾಪಸ್ ಬಂದ. ಢಬ್.

ಕಿವಿಯಕ್ಕ ಅಂಗಳಕ್ಕೆ ಇಳಿದಳು.

"ಮಧ್ಯೆ ನಿಲ್ತೀಯಲ್ಲಪ್ಪಾ, ಆಗ ಏನಾಗುತ್ತೆ?"

"ಅದು ನನ್ನ ಹುಸಿ ಅಕ್ಕಾ. ಎಲ್ರೂ ಮೆಚ್ಕೋತಾರೆ."

"ನನ್ನ ಹತ್ರ ಹುಸಿ ಬೇಡ."

ಹುಡುಗ ಕತ್ತು ಅತ್ತಿತ್ತ ಆಡಿಸಿದ. "ಕರೆಂಟ್ ಹೋಗಿ ಬಂದ ಹಾಗಾಗುತ್ತೆ. ಒಂಚೂರೇ. ಚಿಕ್ಕೋನಿದ್ದಾಗಿಂದ." ಆಮೇಲೆ ನಿಜವಾಗಿಯೂ ಗೊತ್ತಿಲ್ಲದವನಂತೆ ಕೇಳಿದ: "ಎಲ್ರಿಗೂ ಆಗಲ್ವಾ?"

ಅವಳ ಕಣ್ಣು ಅವನ ಎದೆಯ ಮೇಲೆ ನಿಂತಿತ್ತು. ಅವನಿಗೆ ಅರ್ಥವಾಯಿತು. ದನಿ ತಗ್ಗಿಸಿದ: "ಹೇಳ್ಬೇಡಿ ಅಕ್ಕಾ. ಇನ್ನೇನು ಕೈಗೆ ಬಂದಿದೆ. ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುತ್ತಾ ಹೇಳುತ್ತಾ ಗಾಬರಿಗೆ ಅವನ ಕೈ ತಾನಾಗಿಯೇ ಚೆಂಡು ಬಡಿಯತೊಡಗಿತು. ಢಬ್, ಢಬ್. ಅದು ಆ ಹುಡುಗನೊಬ್ಬನ ಮೊರೆ ಅಲ್ಲ, ಅಣ್ಣನದೂ ಸೇರಿ ಇಬ್ಬರದು. ಬಾಗಿಲ ಹಿಂದೆ ಪುಸ್ತಕ ಹಿಡಿದು ಕೂತ ತಂಗಿಗೆ, ಸುಮ್ಮನಿರೇ, ಅಮ್ಮನಿಗೆ ಹೇಳಬೇಡ ಕಣೇ ಎಂದು ಯಾರೋ ಹೇಳುತ್ತಿದ್ದಂತಿತ್ತು. ಮೌನ ಬಂತು. ಮೂರನೆಯ ಬಡಿತಕ್ಕೆ ಮುಂಚೆಯೇ ಕಿವಿಯಕ್ಕ ಕೈ ಹಾಕಿ ಚೆಂಡನ್ನು ಕಿತ್ತುಕೊಂಡಳು. ಇಡೀ ಕಟ್ಟಡದಲ್ಲಿ ಅಷ್ಟು ಸದ್ದಿಲ್ಲದ ಗಳಿಗೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಬೇಡ.

"ಸಾರ್, ಇವನನ್ನ ಹೃದಯದ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಈಗಲೇ. ಅಲ್ಲೀವರೆಗೂ ಯಾರೂ ಇವನ ಕೈಗೆ ಚೆಂಡು ಕೊಡಬೇಡಿ."

ಡಾಕ್ಟರ್ ಎದೆಗೆ ತಂತಿ ಹಚ್ಚಿದರು, ಓಡಿಸಿದರು, ಅರ್ಧಕ್ಕೇ ನಿಲ್ಲಿಸಿದರು. ನಡುನಡುವೆ ಬಡಿತ ತಪ್ಪುತ್ತಿದೆ, ಇನ್ನು ಆಟ ಇಲ್ಲ ಎಂದರು. ಚಿಕಿತ್ಸೆ ಇದೆ, ಬದುಕುತ್ತಾನೆ ಎಂದೂ ಹೇಳಿದರು. ಡ್ರಾಫ್ಟಿನ ದಿನ ತಂಡ ಕೂಗಿದ ಹೆಸರು ಬುಗುರಿಯದು. ಅವನು ವೇದಿಕೆ ಹತ್ತುತ್ತಲೇ ಮಾತಾಡಲು ಶುರುಮಾಡಿದವನು, ಇನ್ನೂ ನಿಲ್ಲಿಸಿಲ್ಲವಂತೆ.

ಪಾರಿವಾಳ ಅಂಗಳದಲ್ಲಿ ಬಿಟ್ಟುಹೋಗಿದ್ದ ಶೂ ತೆಗೆದುಕೊಂಡು ಹೋಗಲು ಬಂದ. ಕಿವಿಯಕ್ಕನ ಮುಖ ನೋಡಲಿಲ್ಲ. ಬಾಗಿಲ ತನಕ ಹೋಗಿ ನಿಂತ.

"ಅಕ್ಕಾ, ಆದ್ರೂ ನನ್ನ ಹುಸಿ ಚೆನ್ನಾಗಿತ್ತು ಅಲ್ವಾ?"

"ನಾನು ಕೇಳಿದ್ರಲ್ಲಿ ಎರಡನೇದು."

"ಮೊದಲನೇದು ಯಾರ್ದು?"

"ಹೋಗು, ಔಷಧಿ ಹೊತ್ತಿಗೆ ಸರಿಯಾಗಿ ತಗೋ."

ಅವತ್ತು ಅವಳು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಮ್ಮ ಹಾದಿಯ ಈಚೆ ತುದಿಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮಗಳು ಪಕ್ಕದಲ್ಲಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು, ಒಂದಕ್ಷರವೂ ಹೆಚ್ಚಿಲ್ಲದೆ. ಅಮ್ಮ ಗೋಡೆಯ ಮೇಲಿನ ಗುರುತನ್ನು ನೋಡುತ್ತಿದ್ದಳು.

"ಬೈದೆನಲ್ಲೇ ನಾನು" ಎಂದಳು.

"ನಾನು ಆ ಹುಸಿಗೆ ಚಪ್ಪಾಳೆ ಹೊಡೆದೆ ಅಮ್ಮ."

ಆಗ ಸದ್ದು ಶುರುವಾಯಿತು, ದಿನದಂತೆಯೇ. ಢಬ್, ಢಬ್.

ಮೌನ.

ಇಬ್ಬರೂ ಕಾದರು. ಮೌನ ತನ್ನ ಉದ್ದವನ್ನು ದಾಟಿತು. ಹಾದಿಯ ಆ ತುದಿಯಲ್ಲಿ ಬೆಳಕು ಬೂದಿಯಾಗುತ್ತಾ ಬಂತು, ಗೋಡೆಯ ಮೇಲಿನ ಅಂಗೈ ಗೋಡೆಯಲ್ಲಿ ಬೆರೆತುಹೋಯಿತು. ಇರುವೆಯ ಸೀನು ಕೇಳುವ ಕಿವಿಗೆ ಏನೂ ಕೇಳಲಿಲ್ಲ.

"ಪಕ್ಕದ ಮನೆ ಪಂಪು ಕೆಟ್ಟಿರಬೇಕು ಕಣೇ" ಎಂದಳು ಅಮ್ಮ.

"ಹೂಂ" ಎಂದಳು ಕಿವಿಯಕ್ಕ.

ದೀಪ ಹಾಕಲು ಇಬ್ಬರೂ ಏಳಲಿಲ್ಲ.