ರೊಟ್ಟಿ ಅಳತೆಯ ಡಿಸ್ಕು

ನಾನು ಒಂದು ಮೋಟರ್‌ಸೈಕಲ್ಲಿನ ಮುಂದಿನ ಗಾಲಿಯ ಬ್ರೇಕ್ ಡಿಸ್ಕು. ಕಾರ್ಖಾನೆಯಿಂದ ಹೊರಬಿದ್ದಾಗ ಮುಖ ಕಾಣುವಷ್ಟು ಹೊಳೆಯುತ್ತಿದ್ದೆ. ಮೊದಲ ಯಜಮಾನರಾದ ಮಾಸ್ತರರು ಆಯುಧಪೂಜೆಯ ದಿನ ಭಕ್ತಿಯಿಂದ ನನಗೆ ಎಣ್ಣೆ ಹಚ್ಚಿ ಕುಂಕುಮವಿಟ್ಟರು. ಆ ಸಂಜೆ ಗಾಡಿ ಅವರ ಮನೆಯನ್ನು ದಾಟಿ ಹೋಗಿ ಗುಡಿಯ ಕಟ್ಟೆಗೆ ಮುಟ್ಟಿ ನಿಂತಿತು. ಮರುವಾರವೇ ಗಾಡಿಯನ್ನು ಚನವೀರಪ್ಪನಿಗೆ ಮಾರಿದರು.

ಚನವೀರಪ್ಪನ ಹಿಂಡಿ ಚೀಲ ಹೊತ್ತ ಗಾಡಿಯನ್ನು ಹದಿನೆಂಟು ವರ್ಷ ನಿಲ್ಲಿಸಿ ನಿಲ್ಲಿಸಿ ನಾನು ಸವೆದೆ. ಕೊನೆಗೊಂದು ದಿನ ಗಾಡಿ ನಿಲ್ಲದೆ, ಹಿಂದೆ ಕೂತಿದ್ದ ಹೆಂಡತಿ ಗುರವ್ವನ ಸಮೇತ ತಿಪ್ಪೆಗೆ ನುಗ್ಗಿತು.

ಗುರವ್ವ ಸೀರೆ ಝಾಡಿಸಿಕೊಂಡಳು. "ಶುಕ್ರವಾರ ಮೊಮ್ಮಗಳ ತೊಟ್ಟಿಲೈತಿ. ಮಗಳ ಊರಿಗೆ ಬಸ್ಸಿಲ್ಲ, ಇದರ ಮ್ಯಾಲೆ ನಾ ಹತ್ತಂಗಿಲ್ಲ. ನೀವ ಹೋಗಿ ಜೋಗುಳ ಹಾಡಿ ಬರ್ರಿ."

ಹೊಸ ಡಿಸ್ಕು ತರಲು ಚನವೀರಪ್ಪ ಪೇಟೆಗೆ ಹೊರಟ. ಅಳತೆಗೆ ನನ್ನನ್ನು ಬಿಚ್ಚಲು ಹೋದರೆ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಆಗ ಅವನಿಗೆ ಹೊಳೆದದ್ದು ಜೋಳದ ಹಿಟ್ಟು. ನನ್ನ ಮೈಗೆ ಒತ್ತಿ ಅಚ್ಚು ತೆಗೆದು, ತೂತುಗಳ ಗುರುತಿನ ಸಮೇತ ತಾನೇ ಹಂಚಿನ ಮೇಲೆ ಗರಿಗರಿ ಕಟಕು ರೊಟ್ಟಿ ಸುಟ್ಟ. ಅದು ಮುರಿಯಬಾರದೆಂದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದ. ತಂದ ಡಿಸ್ಕು ರೊಟ್ಟಿಗೆ ಸರಿಯಾಗಿ ಕೂತಿತು. ಗಾಲಿಗೆ ಕೂರಲಿಲ್ಲ.

ಮೆಕ್ಯಾನಿಕ್ ದಾವಲಸಾಬ ನಗು ತಡೆದು ಹೇಳಿದ: "ಚನವೀರಣ್ಣ, ಸುಟ್ಟ ಮ್ಯಾಲೆ ರೊಟ್ಟಿ ಸಣ್ಣಾಗತೈತಲ್ಲೋ."

"ನಲವತ್ತು ವರ್ಷ ರೊಟ್ಟಿ ಬಡದಾಕಿ ಮನ್ಯಾಗ ಇದ್ನಿ. ನನಗೊಂದು ಮಾತು ಕೇಳಿದ್ರೇನು?" ಎಂದಳು ಗುರವ್ವ.

ದಾವಲಸಾಬ ಬೋಲ್ಟು ಕಾಯಿಸಿ ನನ್ನನ್ನು ಬಿಚ್ಚಿಕೊಟ್ಟ. ಗುರುವಾರ ಗುರವ್ವ ನನ್ನನ್ನು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಪೇಟೆಗೆ ಬಂದಳು.

"ಈ ಗಾಡೀದು ಈಗ ಬರಂಗಿಲ್ಲ ಅವ್ವಾ," ಎಂದ ಅಂಗಡಿಯವ.

"ಬ್ಯಾರೆ ಗಾಡೀವು ಅದಾವಲ್ಲ, ತಗಿ."

ಬಳೆ ಆರಿಸುವವಳಂತೆ ಒಂದೊಂದರ ಮೇಲೂ ನನ್ನನ್ನಿಟ್ಟು ನೋಡಿದಳು. ಇಪ್ಪತ್ತಮೂರನೆಯದು ತೂತಿಗೆ ತೂತು, ಅಂಚಿಗೆ ಅಂಚು ಕೂಡಿತು. ದಪ್ಪದಲ್ಲಿ ಮಾತ್ರ ನನ್ನ ಎರಡರಷ್ಟಿತ್ತು. ಹಿಂದೊಮ್ಮೆ ನಾನೂ ಹಾಗಿದ್ದೆ.

ಶುಕ್ರವಾರ ಚನವೀರಪ್ಪ ಹೊಸ ಡಿಸ್ಕು ಕೂರಿಸಿದ ಗಾಡಿಯನ್ನು ಅಂಗಳದಲ್ಲಿ ಮೂರು ಸಲ ಓಡಿಸಿ, ಮೂರು ಸಲ ತಿಪ್ಪೆಯ ಮುಂದೆಯೇ ನಿಲ್ಲಿಸಿ ತೋರಿಸಿದ. ಗುರವ್ವ ಸೆರಗು ಬಿಗಿದು ಹತ್ತಿ ಕೂತಳು.

ನಾನೀಗ ಅಡಿಗೆಮನೆಯಲ್ಲಿದ್ದೇನೆ. ನನ್ನ ಮೇಲೆ ಸಾರಿನ ಗಡಿಗೆ, ಪಕ್ಕದಲ್ಲಿ ಆ ರೊಟ್ಟಿ ಅಳತೆಯ ಸಣ್ಣ ಡಿಸ್ಕಿನ ಮೇಲೆ ಮಜ್ಜಿಗೆ ಗಡಿಗೆ. ಊಟಕ್ಕೆ ಕೂತಾಗ ಚನವೀರಪ್ಪ ಆ ಕಡೆ ನೋಡುವುದಿಲ್ಲ. ಓಡುವುದನ್ನು ನಿಲ್ಲಿಸುವುದೇ ನನ್ನ ಬದುಕಾಗಿತ್ತು. ಈಗ ನಿಂತದ್ದು ಅಲುಗಾಡದಂತೆ ನೋಡಿಕೊಳ್ಳುತ್ತೇನೆ. ಇದರಲ್ಲಿ ಸವೆತವಿಲ್ಲ.