ಶಾಯಿಯಲ್ಲಿ ಬರೆದ ಹೆಸರು

"ಗೋಪುರ ಬೇಡ ಆಂಟಿ, ನಾವು ಕೆಳಗೆ ಹೋಗ್ತೀವಿ," ಎಂದಳು ಖುಷಿ.

ಸುಲೋಚನಾ ಪುಸ್ತಕದಿಂದ ತಲೆ ಎತ್ತಿದರು. "ಕೆಳಗೆ ಅಂದ್ರೆ ಎಲ್ಲಿಗೇ?"

"ನೆಲಮಾಳಿಗೆಗೆ. ಲಾಸ್ಟ್ ವೀಕ್ ನೀವೇ ಹೇಳಿದ್ರಲ್ಲ, ಮೆಟ್ಟಿಲಿದೆ ಅಂತ. ವಿವೇಕ್‌ದಾ, ಚಲೋ?"

"ನಡಿ. ಗೋಪುರದಾಗ ಏನೈತಿ, ಬರೇ ಗಾಳಿ," ಎಂದ ವಿವೇಕ.

ಕೋಲ್ಕತ್ತಾದ ಜಾದವ್‌ಪುರದಲ್ಲಿ ಸುಲೋಚನಾರ ಎರಡನೇ ಮಹಡಿಯ ಮನೆಯಲ್ಲಿ ಶನಿವಾರ ಮಧ್ಯಾಹ್ನಗಳು ಹೀಗೆ ಕಳೆಯುತ್ತಿದ್ದವು. ಪುಸ್ತಕ ಹಿಡಿದವರು ಒಂದು ಲೋಕವನ್ನು ಓದಿ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯಬೇಕು. ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಓದಿ ಹೇಳುವವರು ಸುಲೋಚನಾ. ಮೈಸೂರಿನವರು, ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಖುಷಿ ಅದೇ ಕಾಲೇಜಿನ ವಿದ್ಯಾರ್ಥಿನಿ, ಬಿಬಿಡಿ ಬಾಗ್‌ನ ಕನ್ನಡಿಗ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕೋಲ್ಕತ್ತಾದಲ್ಲೇ. ವಿವೇಕ ಧಾರವಾಡದಿಂದ ರಸಾಯನಶಾಸ್ತ್ರದ ಸಂಶೋಧನೆಗೆ ಬಂದವನು; ಖುಷಿಗೆ ಅವನು ಬಂಗಾಳಿ ರೂಢಿಯಂತೆ 'ದಾ', ಅಂದರೆ ಅಣ್ಣ. ಪುಸ್ತಕ ಅವನದು, ಆಟಕ್ಕೆಂದು ಸುಲೋಚನಾರ ಬಳಿ ಇರುತ್ತದೆ. ಅದರ ಈಗಿನ ಸಾಹಸ ನದೀತೀರದ ಹಾಳು ಕೋಟೆಯೊಂದರಲ್ಲಿ, ಕಾಣೆಯಾದ ಅಂಬಿಗನೊಬ್ಬನನ್ನು ಹುಡುಕುವುದು.

ಸುಲೋಚನಾ ಪುಟ ತಿರುಗಿಸಿದರು. ಬೂದು ಬಣ್ಣದ ಚಿತ್ರದ ಮೇಲೆ ಸಣ್ಣ ಅಕ್ಷರ. ಎಲ್ಲಿ ದಿಟ್ಟಿಸುತ್ತಾರೋ ಅಲ್ಲೇ ಸಾಲು ಬಾಗಿ, ನಡುವಿನ ಪದ ಕರಗಿ ಹೋಗುತ್ತಿತ್ತು. ಮಳೆಗಾಲದ ಆರಂಭದಿಂದ ಹೀಗೆ. ಅಂದಿನಿಂದ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಆಟಗಾರರು ಮುಂದೆ ಎಲ್ಲಿಗೆ ಹೋಗಬಹುದೆಂದು ಊಹಿಸಿ, ಆ ಭಾಗವನ್ನು ಬೆಳಗಿನ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಓದಿ ಬಾಯಿಪಾಠ ಮಾಡುವುದು. ಈ ಸಲ ಗೋಪುರದ ಪ್ರತಿ ಕಿಟಕಿಯೂ ಬಾಯಿಗೆ ಬರುತ್ತಿತ್ತು. ನೆಲಮಾಳಿಗೆಯನ್ನು ಅವರು ಓದಿರಲಿಲ್ಲ.

"ಕೋಣೆ ಖಾಲಿ ಇದೆ," ಎಂದರು ಪುಟ ನೋಡುತ್ತ. "ಗೋಡೆ ತುಂಬಾ ಪಾಚಿ. ಇನ್ನೇನಿಲ್ಲ."

ವಿವೇಕನ ಕೈಯಲ್ಲಿ ಕುಲುಕುತ್ತಿದ್ದ ದಾಳ ನಿಂತಿತು. "ಖಾಲಿ ಏನ್ರಿ?"

"ಖಾಲಿ ಕಣೋ."

"ಇನ್ನೊಂದ್ಸಲ ನೋಡ್ರಿ ಮೇಡಂ."

"ನೋಡಿದೆ."

"ಅಲ್ರಿ, ಆ ಮೂಲ್ಯಾಗ..." ಅವನು ಮಾತು ನುಂಗಿದ.

ಖುಷಿ ಅವನತ್ತ ಪೂರ್ತಿ ತಿರುಗಿದಳು. "ಏಯ್! ಮೂಲೇಲಿ ಏನು? ನಿಂಗೆ ಹೇಗೆ ಗೊತ್ತು? ಓದ್ಬಿಟ್ಟಿದೀಯ ನೀನು! ಛೀ ಛೀ ವಿವೇಕ್‌ದಾ!"

ಆಡುವವನು ಸಾಹಸದ ಭಾಗವನ್ನು ಓದಬಾರದು. ಈ ಆಟದಲ್ಲಿ ಮೀರಬಾರದ ಕಟ್ಟುಪಾಡು ಇದೊಂದೇ. ಪುಸ್ತಕ ವಿವೇಕನದಾದರೂ ಅವನು ಅದನ್ನು ಓದುವುದಿಲ್ಲವೆಂಬ ನಂಬಿಕೆಯ ಮೇಲೆ ಆಟ ಇಷ್ಟು ದಿನ ನಡೆದಿತ್ತು.

"ಓದೀನ್ರಿ," ಎಂದ ಅವನು, ಕಿವಿ ಕೆಂಪಾಗಿ. "ಒಂದಿನಾ ನಾನೂ ಆಟ ನಡಸಬೇಕು ಅಂತ ಆಸೆ ಇತ್ತು. ಅಲ್ಲಿ ಏನೈತಿ ಅಂತ ಹೇಳೂದಿಲ್ಲ. ಆದ್ರ ಖಾಲಿ ಇಲ್ಲ. ಅದನ್ನ ಬಿಟ್ಟು ಹೋದ್ರ ಮುಂದ ಕಥಿನ ಇಲ್ಲ."

"ಅಂದ್ರೆ ಆಂಟೀನೂ ಸುಳ್ಳು ಹೇಳಿದ್ರಾ? ಇಬ್ಬರೂ ಚೀಟರ್ಸ್. ನಾನೊಬ್ಳೇ ಇಲ್ಲಿ ಭದ್ರಲೋಕ, ಮರ್ಯಾದಸ್ಥೆ."

ಕೆಳಗೆ ಪೂಜೆಯ ಪಂಡಾಲಿಗೆ ಬಿದಿರು ಇಳಿಸುವ ಸದ್ದು ಬರುತ್ತಿತ್ತು. ಸುಲೋಚನಾ ಪುಸ್ತಕ ಮುಚ್ಚಿದರು.

"ನಡುವಿನ ಅಕ್ಷರ ಕಾಣಲ್ಲ ಕಣೋ. ಕನ್ನಡಕದಿಂದ ಸರಿಹೋಗೋ ಅಂಥದ್ದಲ್ಲವಂತೆ. ಇಂಜೆಕ್ಷನ್ ಕೊಡ್ತಿದಾರೆ, ಇರೋದು ಉಳಿದ್ರೆ ಸಾಕು ಅಂತ. ದೊಡ್ಡ ಅಕ್ಷರ ಓದ್ತೀನಿ. ಕಾಲೇಜಲ್ಲಿ ಸ್ಲೈಡ್ ಹಾಕ್ಕೊಂಡು ನಡೆಸ್ತೀನಿ. ಇದೊಂದು ಆಗ್ತಿಲ್ಲ." ಪುಸ್ತಕವನ್ನು ವಿವೇಕನ ಕಡೆಗೆ ಸರಿಸಿದರು. "ಮುಂದಿನ ವಾರದಿಂದ ನೀನು ನಡೆಸು. ಹೇಗೂ ಓದಿದೀಯ."

ಅವನು ಪುಸ್ತಕದ ಮೇಲೆ ಕೈ ಇಟ್ಟ. ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ.

ಖುಷಿ ಬಗ್ಗಿ ಅದರ ಹಿಂಬದಿ ಓದಿದಳು. "ಪಿಡಿಎಫ್ ಕೊಡ್ತಾರಲ್ಲ! ಪುಸ್ತಕ ತಗೊಂಡವರಿಗೆ ಫ್ರೀ ಅಂತ ಇಲ್ಲೇ ಇದೆ. ಟ್ಯಾಬಲ್ಲಿ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಕೋಬಹುದು."

"ಗೊತ್ತೈತಿ," ಎಂದ ವಿವೇಕ.

ಕೊಂಡ ದಿನದಿಂದಲೂ ಗೊತ್ತಿತ್ತು. ಒಂದೇ ಪ್ರತಿ ಕೈಯಿಂದ ಕೈಗೆ ದಾಟಿ ಹತ್ತಾರು ಜನ ಪಿಡಿಎಫ್ ಕೇಳಬಾರದೆಂದು ಪ್ರಕಾಶಕರು ಒಂದು ಷರತ್ತು ಹಾಕಿದ್ದರು. ಅಂಗಡಿಯಲ್ಲಿ ಕೊಂಡವರು ಮುದ್ರಣ ವಿವರಗಳ ಪುಟದಲ್ಲಿ ಶಾಯಿಯಿಂದ ತಮ್ಮ ಹೆಸರು ಬರೆದು ಅದರ ಫೋಟೊ ಕಳಿಸಬೇಕು. ಈ ಪುಸ್ತಕ ಈಗ ಮುದ್ರಣದಲ್ಲಿಲ್ಲ. ವಿವೇಕ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಒಂದು ಗೀರೂ ಬೀಳದಂತೆ ಕಾಯ್ದುಕೊಂಡಿದ್ದ. ಲ್ಯಾಬಿನಿಂದ ಬಂದವನು ಕೈ ತೊಳೆಯದೆ ಅದನ್ನು ಮುಟ್ಟುತ್ತಿರಲಿಲ್ಲ.

"ಪೆನ್ಸಿಲಲ್ಲಿ ಬರಿ," ಎಂದಳು ಖುಷಿ. "ಆಮೇಲೆ ಅಳಿಸಿದ್ರಾಯ್ತು."

"ಅಳಿಸಬಾರದು ಅಂತನ ಶಾಯಿ ಕೇಳ್ಯಾರ."

"ಬೇಡ ಬಿಡೋ," ಎಂದರು ಸುಲೋಚನಾ, ಫೇಲಾದ ಹುಡುಗನಿಗೆ ಅಂಕ ಹೇಳುವಾಗಿನ ಅದೇ ಸಮ ಧ್ವನಿಯಲ್ಲಿ. "ನಿನ್ನ ಪುಸ್ತಕ ಅದು. ನೀನು ನಡೆಸಿದ್ರೆ ನಾನೂ ಒಂದು ಪಾತ್ರ ಮಾಡ್ಕೊಂಡು ಈ ಕಡೆ ಕೂತ್ಕೋತೀನಿ. ಅದೇನು ಕಮ್ಮಿನಾ?" ಹಾಗೆನ್ನುತ್ತ ಮೇಜಿನ ಮೇಲಿದ್ದ ದಾಳಗಳನ್ನು ಒಂದೊಂದಾಗಿ ಮುಟ್ಟಿ ಹುಡುಕಿ ಡಬ್ಬಿಗೆ ಹಾಕತೊಡಗಿದರು. ಆಟ ಇನ್ನೂ ಮುಗಿದಿರಲಿಲ್ಲ.

ವಿವೇಕ ಆ ಕೈಯನ್ನೇ ನೋಡುತ್ತ ಕುಳಿತಿದ್ದ.

"ನೀವು ಈ ಕಡೆ ಕೂತ್ರ ನಾ ಹೇಳಿದ್ದಕ್ಕೆಲ್ಲಾ ಯಾಕ, ಹೆಂಗ ಅಂತ ಕೇಳ್ತೀರಿ," ಎಂದ ಕೊನೆಗೆ. "ಯಾರಿಗ್ ಬೇಕ್ರಿ ಆ ತ್ರಾಸು. ಪೆನ್ನು ಕೊಡ್ರಿ."

ಪ್ಲಾಸ್ಟಿಕ್ ಹೊದಿಕೆಯನ್ನು ಅಂಚಿನಿಂದ ಬಿಡಿಸಿ ಪಕ್ಕಕ್ಕಿಟ್ಟ. ರಾಸಾಯನಿಕದ ಬಾಟಲಿಗೆ ಚೀಟಿ ಬರೆಯುವವನ ಹಾಗೆ, ಉಸಿರು ಹಿಡಿದು, ಒಂದೊಂದೇ ಅಕ್ಷರ ಬರೆದ. ಖುಷಿ ಫೋಟೊ ತೆಗೆದು ಕಳಿಸಿದಳು. ಸುಲೋಚನಾ ಚಹಾ ಮಾಡಿ ತರುವಷ್ಟರಲ್ಲಿ ಉತ್ತರದ ಜೊತೆ ಪಿಡಿಎಫ್ ಬಂದಿತ್ತು. ಸುಲೋಚನಾರ ಟ್ಯಾಬ್ಲೆಟ್ಟಿನಲ್ಲಿ ಹಿನ್ನೆಲೆಯ ಬೂದು ಚಿತ್ರವನ್ನು ತೆಗೆದುಹಾಕಬಹುದಿತ್ತು. ಬಿಳಿಯ ಮೇಲೆ ಕಪ್ಪು ಅಕ್ಷರ ಉಳಿಯಿತು. ಸುಲೋಚನಾ ಎರಡು ಬೆರಳುಗಳಿಂದ ಹಿಗ್ಗಿಸುತ್ತ ಹೋದರು. ಕೆಲವೇ ಪದಗಳು ಪರದೆ ತುಂಬಿ ನಿಂತಾಗ ಕೈ ತಡೆದರು.

"ಓದಿರೋನು ಇನ್ನು ಈ ಕೋಟೇಲಿ ಮಾತಾಡೋ ಹಾಗಿಲ್ಲ," ಎಂದರು.

"ಹೂಂ ರೀ," ಎಂದು ವಿವೇಕ ಕುರ್ಚಿಯನ್ನು ಮೇಜಿನಿಂದ ಕಿಟಕಿಯ ಬಳಿಗೆ ಎಳೆದುಕೊಂಡ.

"ಖುಷಿ, ಬಾಗಿಲು ತೆಗೀತೀಯಾ?"

"ತೆಗೀತೀನಿ."

ಇಂಗ್ಲಿಷಿನಲ್ಲಿದ್ದುದನ್ನು ಓದುತ್ತಲೇ ಕನ್ನಡ ಮಾಡಿ ಹೇಳುವುದು ಸುಲೋಚನಾರ ರೂಢಿ. "ದೂರದ ಮೂಲೆಯಲ್ಲಿ," ಎಂದು ನಿಂತರು. ವಾಕ್ಯದ ಉಳಿದ ಭಾಗ ಪರದೆಯ ಆಚೆ ಇತ್ತು. ಬೆರಳಿನಿಂದ ಸರಿಸಿದರು, ಹೆಚ್ಚಾಯಿತು, ಹಿಂದಕ್ಕೆ ತಂದರು.

ಕಿಟಕಿಯ ಬಳಿ ವಿವೇಕ ತೊಡೆಯ ಮೇಲೆ ಪುಸ್ತಕವನ್ನು ತೆರೆದು ಹಿಡಿದಿದ್ದ. ನುಣುಪು ಕಾಗದದ ಮೇಲೆ ಶಾಯಿ ಇನ್ನೂ ಒಣಗಿರಲಿಲ್ಲ.

"ಒಬ್ಬ ಮನುಷ್ಯ," ಎಂದು ಓದಿ ಸುಲೋಚನಾ ಮತ್ತೆ ಸರಿಸಿದರು. "ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಾನೆ."

ಖುಷಿ ಕುರ್ಚಿಯ ಅಂಚಿಗೆ ಸರಿದಳು. ವಿವೇಕ ತಲೆ ಎತ್ತದೆ ಪುಟವನ್ನು ಬೆಳಕಿನ ಕಡೆಗೆ ಓರೆ ಮಾಡಿ ಮೆಲ್ಲಗೆ ಊದಿದ.