ವಾಸನೆ ಇಲ್ಲದ ಬಣ್ಣ

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರ್ ಹೇಳಿದಾಗ ನನ್ನ ಗಂಡ ವ್ಯಾಸರಾಜ ಖುಷಿಪಟ್ಟರು. ಆ ಮಾತಿನ ಅರ್ಥ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೋವೆಯ ಸಾಂಕೋಲೆಯ ಕಾರ್ಖಾನೆಯ ಆಫೀಸಿನಲ್ಲಿ ಆಯುಷ್ಯ ಕಳೆದ ಮನುಷ್ಯ, ಯಾವ ಮಾತನ್ನು ಯಾರು ಹೇಗೆ ಸುತ್ತಿ ಹೇಳುತ್ತಾರೆಂದು ಬಲ್ಲರು. ಶ್ವಾಸಕೋಶ ಎರಡೂ ಕೈಕೊಟ್ಟಿದ್ದವು. ಔಷಧದ ಸರದಿ ಮುಗಿದಿತ್ತು.

"ನಮ್ಮ ಖೋಲ್ಯಾಗ, ಕಿಟಕಿ ಮುಂದ ಮಲಗಿದ್ರ ಸಾಕು ಮಂದಾ," ಎಂದರು. "ಈ ಆಸ್ಪತ್ರಿಯೊಳಗ ಬ್ಯಾಡ."

ಆದರೆ ಪರ್ವರಿಯ ನಮ್ಮ ಮನೆಯ ಆ ಕೋಣೆ ಮಳೆಗಾಲದುದ್ದಕ್ಕೂ ನೀರು ಕುಡಿದು, ಗೋಡೆ ತುಂಬ ಕಪ್ಪು ಬೂಷ್ಟು ಹಿಡಿದಿತ್ತು. ಅಂಥ ಕೋಣೆಯಲ್ಲಿ ಅವರನ್ನು ಮಲಗಿಸಲೇಬಾರದೆಂದು ಡಾಕ್ಟರ್ ಹೇಳಿದರು. ಗೋಡೆ ಕೆರೆಸಿ, ವಾಸನೆ ಇಲ್ಲದ ಬಣ್ಣ ಸಿಗುತ್ತದಲ್ಲ, ಅದನ್ನೇ ಹಚ್ಚಿಸಿ, ಬೇರೆಯದು ಬೇಡ ಎಂದು ಎರಡೆರಡು ಸಲ ಹೇಳಿದರು.

ಮಗ್ಗುಲ ಮನೆಯವರು ಮಾಪ್ಸಾದ ಒಬ್ಬ ಕಾಂಟ್ರಾಕ್ಟರನ ಹೆಸರು ಕೊಟ್ಟರು. ಅವನು ಬಂದು, ಗೋಡೆ ತಟ್ಟಿ ನೋಡಿ, ಕೊಂಕಣಿಯಲ್ಲಿ ಎರಡು ಮಾತಾಡಿ ಹೋದ. ನಗಲೂ ಇಲ್ಲ. ಅದೇ ಸಂಜೆ ಗೇಟಿನ ಹತ್ತಿರ ಒಬ್ಬ ಮೊಬೈಲಿನಲ್ಲಿ, "ಏ, ನಾ ಹೇಳಿದ್ದು ತಿಳೀತಿಲ್ಲೋ ನಿನಗ?" ಎಂದು ಯಾರನ್ನೋ ಗದರಿಸುತ್ತಿದ್ದುದು ಕೇಳಿಸಿತು. ನಾನು ಅಲ್ಲೇ ನಿಂತುಬಿಟ್ಟೆ. ಗೋವೆಯಲ್ಲಿ ನಮ್ಮವರಿಗೆಲ್ಲ ಇರುವ ರೋಗ ಇದು. ಪೇಟೆಯಲ್ಲಿ ಕೊತ್ತಂಬರಿ ಸೂಡಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಮಾರುವವಳು ಕನ್ನಡದಲ್ಲಿ ಬಾಯಿಬಿಟ್ಟರೆ ಸಾಕು, ಹೇಳಿದಷ್ಟು ಕೊಟ್ಟು, ಅವಳ ಊರು ಕೇಳುತ್ತ ನಿಲ್ಲುತ್ತೇವೆ.

ಗೇಟಿನ ಹತ್ತಿರ ನಿಂತಿದ್ದವನ ಹೆಸರು ಅಪ್ಪಾಸಾಬ, ನರಗುಂದದ ಕಡೆಯವನು. ಪೇಂಟಿಂಗ್ ಕಾಂಟ್ರಾಕ್ಟರ್. ನಮ್ಮದು ಧಾರವಾಡ ಎಂದೆ.

"ಧಾರವಾಡದಾಗ ಯಾ ಓಣಿ ರೀ ಅಕ್ಕಾರ?"

"ಮಾಳಮಡ್ಡಿ."

"ಹೌದೇನ್ರಿ! ಅಲ್ಲೇ ನಮ್ಮಪ್ಪ ಸುಣ್ಣಾ ಹಚ್ಚತಿದ್ದ ನೋಡ್ರಿ."

ಮುಗಿಯಿತು. ಮಾಪ್ಸಾದವನಿಗೆ ಬೇಡವೆಂದು ಹೇಳಿ ಕಳಿಸಿದೆ. ಅಪ್ಪಾಸಾಬನಿಗೆ ಚಹಾ ಕೊಟ್ಟು, ಇವರ ಉಸಿರಿನ ತ್ರಾಸು, ಡಾಕ್ಟರ್ ಹೇಳಿದ್ದು ಎಲ್ಲ ಬಿಡಿಸಿ ಹೇಳಿದೆ. "ನಮ್ಮ ಅಣ್ಣಾರ ಅಂತ ತಿಳಕೊಂಡ ಮಾಡ್ತೇನ್ರಿ," ಎಂದ. ಕಣ್ಣು ಒದ್ದೆಯಾದವು, ಅವನವೂ.

ಗೋಡೆ ಕೆರೆದ. ಮನೆ ತುಂಬ ಬಿಳಿ ಧೂಳು ಮಾಡಿಟ್ಟು ಮಾಯವಾದ. ಫೋನು ಮಾಡಿದರೆ "ಇವತ್ತ ಬಂದ್ನಿರಿ" ಎನ್ನುತ್ತಿದ್ದ, ಹಿಂದೆ ಸಮುದ್ರದ ಸಪ್ಪಳ ಕೇಳುತ್ತಿತ್ತು. ಕಾಣಕೋಣದ ಬೀಚಿನಲ್ಲಿ ಒಂದು ರೆಸಾರ್ಟಿನ ಕೆಲಸ ಸಿಕ್ಕಿತ್ತಂತೆ. ಟೂರಿಸ್ಟರು ಬರುವ ಮೊದಲು ಗೋಡೆಗಳೆಲ್ಲ ಮಿಂಚಬೇಕಲ್ಲ. ಇವರ ಅಣ್ಣನ ಮಗ ಅಮೇಯ, ಪಣಜಿಯಲ್ಲಿ ಬ್ಯಾಂಕಿನಲ್ಲಿರುವವನು, ಬೇರೆಯವರನ್ನು ಕರೆಸೋಣವೆಂದ. "ಬರ್ತಾನ, ನಮ್ಮವ ಇದ್ದಾನ," ಎಂದೆ ನಾನು. ಬೇರೆಯವರನ್ನು ಹುಡುಕುವ ತ್ರಾಣವೂ ಇರಲಿಲ್ಲ.

ಇವರು ದಿನಾ ಕೇಳುತ್ತಿದ್ದರು, "ಬಣ್ಣ ಆತೇನು?"

"ಆಗಲಿಕ್ಕೆ ಹತ್ತೇದರಿ."

ಕೊನೆಗೆ ನಾನು ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲಿ ಅಪ್ಪಾಸಾಬ ಮಗ್ಗುಲ ಮನೆಯವರಿಂದ ಕೀಲಿ ಇಸಿದುಕೊಂಡು ಬಂದು ಮುಗಿಸಿದ. ಮನೆಗೆ ಬಂದಾಗ ಬಾಗಿಲು ತೆಗೆಯುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆಯ ಡಬ್ಬಿಯಲ್ಲಿ ತಲೆಯಿಟ್ಟ ಹಾಗೆ. ಕೋಣೆ, ಪಡಸಾಲೆ, ಬಾಗಿಲು ಎಲ್ಲ ಆಯಿಲ್ ಪೇಂಟಿನಲ್ಲಿ ಹೊಳೆಯುತ್ತಿದ್ದವು.

"ನೀವು ಹೇಳಿದ್ದು ಅಂಗಡ್ಯಾಗ ಇದ್ದಿದ್ದಿಲ್ರಿ ಅಕ್ಕಾರ," ಎಂದ, ಕಟ್ಟೆಯ ಮೇಲೆ ಕಾದಿದ್ದ ಅಪ್ಪಾಸಾಬ. "ರೆಸಾರ್ಟಿನ್ಯಾಗ ಉಳಿದಿತ್ತು, ಭಾರಿ ಮಾಲ್ ಐತ್ರಿ. ನಿಮಗ ತಡಾ ಆಗಬಾರದು ಅಂತ ಹಚ್ಚೇನಿ. ವಾಸನಿ ಏನ್ರಿ, ನಾಳಿಗೆ ಹೋಗತೈತಿ."

ಮುಖದಲ್ಲಿ ಕಪಟವಿರಲಿಲ್ಲ. ನನಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದ. ನನ್ನ ನಾಲಿಗೆ ಹರಿತ ಎಂದು ನಮ್ಮ ಮಂದಿಯಲ್ಲೆಲ್ಲ ಹೆಸರಿದೆ. ಆವತ್ತು ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. "ಹೋಗಿನ್ನ," ಎಂದೆ. ಹೋದ. ಅವನ ಏಣಿ ಹಿತ್ತಲಲ್ಲೇ ಉಳಿಯಿತು.

ಮರುದಿನ ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡುವವರಿದ್ದರು. ಇನ್ನು ತಡೆಯುವ ಹಾಗಿರಲಿಲ್ಲ, ಇವರ ಬಳಿ ದಿನಗಳೂ ಉಳಿದಿರಲಿಲ್ಲ. ಕಿಟಕಿಗಳನ್ನೆಲ್ಲ ತೆರೆದೆ, ಫ್ಯಾನು ಹಾಕಿದೆ, ವಾಸನೆ ಹೀರಲೆಂದು ಉಳ್ಳಾಗಡ್ಡಿ ಹೆಚ್ಚಿ ಬುಟ್ಟಿ ಬುಟ್ಟಿ ಇಟ್ಟೆ. ಬೆಳಿಗ್ಗೆ ನನಗೇನೂ ವಾಸನೆ ಬರಲಿಲ್ಲ. ಹೋಗಿದೆ ಅಂದುಕೊಂಡೆ. ನನ್ನ ಮೂಗಿಗೆ ರೂಢಿಯಾಗಿತ್ತು, ಅಷ್ಟೆ.

ಆಂಬುಲೆನ್ಸಿನವರು ಇವರನ್ನು ಸ್ಟ್ರೆಚರಿನಲ್ಲಿ ಕಟ್ಟೆಯವರೆಗೆ ತಂದರು. ಹೊಸ್ತಿಲ ಹತ್ತಿರ ಬಂದದ್ದೇ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ತುಟಿ ನೀಲಿಗಟ್ಟಿದವು. ಡ್ರೈವರ್ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟೆ. ತಿರುಗಿಸಿದರು. ಉಸಿರು ಸ್ವಲ್ಪ ಮರಳಿದ ಮೇಲೆ ಇವರು ಅಂದರು, "ಬಾಗಲಾ ಚಲೋ ಕಾಣಸ್ತದ ಮಂದಾ."

ನನಗೆ ಸಮಾಧಾನ ಮಾಡಲಿಕ್ಕೆ ಅಂದದ್ದು ಅದು.

ವಾಸನೆ ಹೋಗುವವರೆಗೆ ಎಂದು ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ವಾಸನೆ ಹೋಗಲಿಲ್ಲ, ಇವರು ಹೋದರು. ಬೆಳಗಿನ ರೌಂಡಿಗೆ ಬಂದ ನರ್ಸು ಹೇಳಿದಳು. ನಾನು ಫ್ಲಾಸ್ಕು, ಚಾದರು, ಕನ್ನಡಕ ಎಲ್ಲ ಒಂದೊಂದಾಗಿ ಚೀಲಕ್ಕೆ ಹಾಕಿದೆ. ಅಳು ಬರಲಿಲ್ಲ.

ಮನೆಗೆ ತಂದರು. ಪಡಸಾಲೆಯಲ್ಲಿ ದರ್ಭೆ ಹಾಸಿ ಮಲಗಿಸಿದರು. ಈ ಸಲ ಕೆಮ್ಮಲಿಲ್ಲ.

ಧಾರವಾಡದಿಂದ ಹೊರಟ ನೆಂಟರು ಘಾಟಿನಲ್ಲಿ ಕೆಟ್ಟು ನಿಂತ ಲಾರಿಗಳ ಹಿಂದೆ ಸಿಕ್ಕಿಬಿದ್ದಿದ್ದರು. ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಆಚಾರ್ಯರು ಅವಸರ ಮಾಡಿದರು. ಹೆಗಲು ಕೊಡಲು ಅಮೇಯನಿದ್ದ, ಮಗ್ಗುಲ ಮನೆಯ ಯಜಮಾನರಿದ್ದರು, ಶವದ ಗಾಡಿಯ ಡ್ರೈವರ್ ಒಪ್ಪಿದ್ದ. ನಾಲ್ಕನೆಯವ ಒಬ್ಬ ಬೇಕಾಗಿತ್ತು.

ಆಗ ಅಪ್ಪಾಸಾಬ ಬಂದ. ಏಣಿ ಒಯ್ಯಲು ಬಂದವನಿಗೆ ಏನೂ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ನಿಂತು ಒಳಗೆ ನೋಡಿದ, ಚಪ್ಪಲಿ ಬಿಟ್ಟ. ಅಮೇಯ ಅವನ ಮೇಲೆ ಏರಿ ಹೋದ, ಆಚಾರ್ಯರು ರಟ್ಟೆ ಹಿಡಿದು ನಿಲ್ಲಿಸಿದರು. ಅಪ್ಪಾಸಾಬ ಎಷ್ಟು ಮಂದಿ ಇದ್ದಾರೆಂದು ಸುತ್ತ ನೋಡಿ, "ನಾ ಹೆಗಲಾ ಕೊಡ್ತೇನ್ರಿ," ಎಂದ.

ಆಚಾರ್ಯರು ಜಾತಿ ಕೇಳಲು ಬಾಯಿ ತೆರೆದವರು ಆಕಾಶ ನೋಡಿ ಮುಚ್ಚಿಕೊಂಡರು. ಎಲ್ಲರೂ ನನ್ನತ್ತ ತಿರುಗಿದರು. ಬೇಡವೆನ್ನಬಹುದಿತ್ತು. ಹೂಂ ಎಂದು ತಲೆಯಾಡಿಸಿದೆ.

ಅವನು ಟವೆಲ್ಲು ಸುತ್ತಿ ಹೆಗಲ ಮೇಲಿಟ್ಟುಕೊಂಡು, ಕಾಲಿನ ಕಡೆ ಬಗ್ಗಿ ಚಟ್ಟದ ಬಿದಿರು ಹಿಡಿದ. "ಎತ್ತೂಣೇನ್ರಿ ಅಕ್ಕಾರ?" ಎಂದು ಕೇಳಿದ.

"ಸ್ವಲ್ಪ ತಡೀ ಅಪ್ಪಾಸಾಬ," ಎಂದೆ. "ಇವರು ಈಗರ ಮನಿಯೊಳಗ ಬಂದಾರ."

ಅವನು ಬಿದಿರು ಬಿಟ್ಟು, ಬಗ್ಗಿದಲ್ಲೇ ಕೂತುಬಿಟ್ಟ.